ಹಸುಗೂಸು, ಕೊಟ್ಟಿಗೆಯ ಹಸು ಮತ್ತು ಒಂದು ವೈರಸ್

ಇವತ್ತು ಒಂದು ವೈರಸ್ಸಿನ ಚರಿತ್ರೆ ಹೇಳ್ತೀನಿ. ಹೆಸರು ರೋಟಾ. ಚಿಕ್ಕ ಮಕ್ಕಳಿಗೆ ವಾಂತಿ, ಜ್ವರ, ನೀರಿನಂಥ ಭೇದಿ ತರುವ ವೈರಸ್ ಇದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕೇಳುಗರಿಗೆ ಈ ಚರಿತ್ರೆ ಎರಡು ಕಾರಣಕ್ಕೆ ಹತ್ತಿರದ್ದು. ಒಂದು, ಇದರೊಳಗೆ ದನದ ಕೊಟ್ಟಿಗೆಯೂ ಬರುತ್ತದೆ. ಇನ್ನೊಂದು, ಜೋಯಿಡಾದಂಥ ಕಾಡಿನ ತಾಲ್ಲೂಕಿನಲ್ಲಿ ಮನೆಗಳು ಚದುರಿಕೊಂಡಿವೆ, ಆಸ್ಪತ್ರೆ ದೂರ. ಭೇದಿ ಹತ್ತಿದ ಕೂಸು ಬೆಳಗಾಗುವುದರೊಳಗೆ ನಿತ್ರಾಣವಾಗಿಬಿಡಬಹುದು.

ಮೊದಲು ಕರುಳಿನೊಳಗೆ ಒಂದು ಸುತ್ತು ಹಾಕಿ ಬರೋಣ. ಸಣ್ಣಕರುಳಿನ ಒಳಪದರ ನುಣುಪಾಗಿಲ್ಲ. ಮುಂಡಗೋಡ ಕಡೆಯ ಭತ್ತದ ಗದ್ದೆ ನೆನಪಿಸಿಕೊಳ್ಳಿ. ಒತ್ತೊತ್ತಾಗಿ ನಿಂತ ಪೈರಿನ ಹಾಗೆ ಅಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಚಾಚಿಕೆಗಳಿವೆ. ವಿಲ್ಲೈ ಅಂತಾರೆ. ನಾವು ತಿಂದದ್ದನ್ನು, ಕುಡಿದದ್ದನ್ನು ಹೀರಿಕೊಳ್ಳೋದು ಅವುಗಳ ಮೇಲ್ಭಾಗದ ಕೋಶಗಳು. ರೋಟಾ ನುಗ್ಗೋದು ಅಲ್ಲಿಗೇ. ಬೇಲಿ ಹಾರಿದ ದನ ಪೈರಿನ ತುದಿ ಮೇಯ್ದ ಹಾಗೆ. ಹೀರುವ ಕೋಶಗಳು ಸತ್ತರೆ ನೀರು ಹೊರಗೆ ಹರಿಯುತ್ತದೆ. ಸಾಲದ್ದಕ್ಕೆ ವೈರಸ್ಸಿನ ಒಂದು ವಿಷಪ್ರೋಟೀನು ಇನ್ನಷ್ಟು ನೀರನ್ನು ಕರುಳಿಗೆ ಸುರಿಸುತ್ತದೆ. ಸಮಾಧಾನದ ಸಂಗತಿ ಏನಪ್ಪಾ ಅಂದ್ರೆ, ಪೈರಿನ ಬುಡ ಉಳಿದಿರುತ್ತದೆ. ಅಲ್ಲಿಂದ ಕೆಲವೇ ದಿನಗಳಲ್ಲಿ ಹೊಸ ಕೋಶಗಳು ಚಿಗುರುತ್ತವೆ. ಅಲ್ಲಿಯವರೆಗೆ ಮಗುವಿನ ಮೈಯಲ್ಲಿ ನೀರು ಉಳಿಯಬೇಕು.

ಈ ವೈರಸ್ಸನ್ನು ಮಕ್ಕಳ ಕರುಳಿನಲ್ಲಿ ಮೊದಲು ಕಂಡದ್ದು 1973ರಲ್ಲಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಕರುಳಿನ ಒಳಪದರದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಾಲಿಯಂಥ ಆಕಾರ. ಲ್ಯಾಟಿನ್ನಿನಲ್ಲಿ ರೋಟಾ ಅಂದ್ರೆ ಗಾಲಿ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ತಂಡ ನಗರದ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರ ಗಮನಿಸಿತು. ಕೂಸುಗಳ ಮಲದಲ್ಲಿ ರೋಟಾ ವೈರಸ್ ಇದೆ, ಕೂಸುಗಳಿಗೆ ಮಾತ್ರ ಏನೂ ಆಗಿಲ್ಲ! ಭೇದಿಯಿಲ್ಲ, ವಾಂತಿಯಿಲ್ಲ. ಆ ತಳಿಗೆ ಐ321 ಅಂತ ಹೆಸರಾಯಿತು. 1993ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೋಜಿಗದ್ದು: ಈ ವೈರಸ್ಸಿನ ಹೊರಮೈಯ ಎರಡು ಪ್ರೋಟೀನುಗಳೂ ದನಗಳ ರೋಟಾ ವೈರಸ್ಸಿನದನ್ನೇ ಹೋಲುತ್ತಿದ್ದವು. ಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇರುವ ನಮ್ಮ ನಾಡಿನಲ್ಲಿ ಹಸುವಿನ ವೈರಸ್ ಹಸುಗೂಸಿನವರೆಗೆ ನಡೆದು ಬಂದಿರಬಹುದು ಅನ್ನೋ ವಿಚಾರ ಆಗ ಬಲವಾಯಿತು.

ಕಾಯಿಲೆ ತರದ ವೈರಸ್ ಅಂದ್ರೆ ಲಸಿಕೆಗೆ ಹೇಳಿ ಮಾಡಿಸಿದ್ದು. ಇಂಥದ್ದೇ ಇನ್ನೊಂದು ತಳಿ, 116ಇ, ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೆ ನವಜಾತ ಶಿಶುಗಳಲ್ಲೇ ಸಿಕ್ಕಿತ್ತು. ಎರಡನ್ನೂ ಎಳೆಯ ಮಕ್ಕಳಿಗೆ ಹನಿಯಾಗಿ ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶದಲ್ಲಿ ದೆಹಲಿಯ ತಳಿ ಗೆದ್ದಿತು, ಬೆಂಗಳೂರಿನದು ಹಿಂದೆ ಬಿತ್ತು. ಗೆದ್ದ ತಳಿಯೇ ಭಾರತ್ ಬಯೋಟೆಕ್‌ನ ರೋಟಾವ್ಯಾಕ್ ಆಯಿತು. ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ರೋಟಾ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಿಂದ ಶುರುವಾಗಿ, 2019ರಲ್ಲಿ ಇಡೀ ದೇಶಕ್ಕೆ ಬಂತು. ಮಗುವಿಗೆ 6, 10, 14ನೇ ವಾರದಲ್ಲಿ ಉಚಿತವಾಗಿ ಹಾಕ್ತಾರೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 2014ರಲ್ಲಿ ಪ್ರಕಟವಾದ ರೋಟಾವ್ಯಾಕ್‌ನ ದೊಡ್ಡ ಪರೀಕ್ಷೆ ನೋಡಿ. 6,799 ಮಕ್ಕಳು. ತೀವ್ರ ರೋಟಾ ಭೇದಿಯಿಂದ ಮೊದಲ ವರ್ಷ ಸಿಕ್ಕ ರಕ್ಷಣೆ ಶೇ. 56ರ ಆಸುಪಾಸು. ಶ್ರೀಮಂತ ದೇಶಗಳಲ್ಲಿ ಶೇ. 85ಕ್ಕಿಂತ ಹೆಚ್ಚು ರಕ್ಷಣೆ ಕೊಡುವ ವಿದೇಶಿ ರೋಟಾ ಲಸಿಕೆಗಳೂ ಬಡ ದೇಶಗಳಲ್ಲಿ ಇಷ್ಟಕ್ಕೇ ಇಳಿಯುತ್ತವೆ. ಪೋಲಿಯೊ ಹನಿಯ ವಿಷಯದಲ್ಲೂ ಹೀಗೇ ಆಗಿತ್ತು, ವೆಲ್ಲೂರಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಅದನ್ನು ತೋರಿಸಿಕೊಟ್ಟಿದ್ದರು. ಒಂದೇ ಹನಿ ಅಲ್ಲಿ ಒಂದು ಥರ, ಇಲ್ಲಿ ಇನ್ನೊಂದು ಥರ. ಯಾಕೆ?

ಉತ್ತರದ ಒಂದು ಪಾಲು ಮತ್ತೆ ಅದೇ ಗದ್ದೆಯಲ್ಲಿದೆ. ಕೊಳಕು ನೀರು ಕುಡಿದು ಬೆಳೆಯುವ ಮಕ್ಕಳ ಕರುಳಿಗೆ ರೋಗಾಣುಗಳ ಕಾಟ ತಪ್ಪೋದಿಲ್ಲ. ಹೊರಗೆ ಭೇದಿ ಕಾಣದಿದ್ದರೂ ಒಳಗೆ ವಿಲ್ಲೈ ಮೊಂಡಾಗುತ್ತವೆ, ಒಳಪದರ ಸದಾ ಉರಿಯೂತದಲ್ಲಿರುತ್ತದೆ. ಅಂಥ ನೆಲದಲ್ಲಿ ಲಸಿಕೆಯ ವೈರಸ್ ಬೇರೂರುವುದೂ ಕಷ್ಟ.

ಇನ್ನೊಂದು ಪಾಲು ಕರುಳಿನಲ್ಲಿ ಮೊದಲೇ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳದ್ದು. ಬೆಂಗಳೂರಿನಲ್ಲಿ ಸುಮ್ಮನಿದ್ದ ವೈರಸ್ಸಿನ ಜಾತಿಯದ್ದೇ ವೆಲ್ಲೂರಿನ ನವಜಾತ ಶಿಶುಗಳಲ್ಲಿ ಕೆಲವರನ್ನು ಕಾಯಿಲೆ ಬೀಳಿಸಿತ್ತು, ಕೆಲವರನ್ನು ಬಿಟ್ಟಿತ್ತು. ಗಗನ್‌ದೀಪ್ ಕಾಂಗ್ ಮತ್ತು ಸಂಗಡಿಗರ 2018ರ ಅಧ್ಯಯನದಲ್ಲಿ, ಕಾಯಿಲೆ ಬಿದ್ದ ಕೂಸುಗಳ ಮಲದಲ್ಲಿ ಎಂಟರೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗಳು ಹೆಚ್ಚಿದ್ದವು. ತಾಯಿಯ ಹಾಲಿನ ಸಕ್ಕರೆಗಳ ಪ್ರಮಾಣದಲ್ಲೂ ವ್ಯತ್ಯಾಸವಿತ್ತು. ಹಾಗಂತ ಎದೆಹಾಲು ನಿಲ್ಲಿಸಬೇಡಿ. ಭೇದಿಯಾದಾಗಲೂ ಕುಡಿಸುತ್ತಲೇ ಇರಬೇಕು. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಬ್ಯಾಕ್ಟೀರಿಯಾ ರೋಟಾವನ್ನೇ ತಡೆಯೋದನ್ನು ಕಂಡರು. ಅದಿದ್ದ ಕರುಳು ಹಳೆಯ ಕೋಶಗಳನ್ನು ಬೇಗ ಉದುರಿಸಿ ಹೊಸದನ್ನು ತರುತ್ತಿತ್ತು; ವೈರಸ್ಸಿಗೆ ನೆಲೆ ನಿಲ್ಲಲು ಪುರುಸೊತ್ತೇ ಸಿಗಲಿಲ್ಲ.

ಈ ಐವತ್ತು ವರ್ಷದ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು: ಕಾಯಿಲೆ ಬರಬೇಕೋ ಬೇಡವೋ ಅನ್ನೋದನ್ನು ವೈರಸ್ ಒಂದೇ ತೀರ್ಮಾನ ಮಾಡೋದಿಲ್ಲ. ಕರುಳಿನ ಒಳಪದರ, ಅಲ್ಲಿನ ಬ್ಯಾಕ್ಟೀರಿಯಾ, ಇವೆರಡನ್ನೂ ರೂಪಿಸುವ ಕುಡಿಯುವ ನೀರು, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಹಾಗಾಗಿ ಲಸಿಕೆ ಹಾಕಿಸಲೇಬೇಕು; ಲಸಿಕೆ ಬಂತು ಅಂತ ಶುದ್ಧ ನೀರಿನ, ಶೌಚಾಲಯದ ಬೇಡಿಕೆ ಕೈಬಿಡಲೂಬಾರದು. ಕಾಡಂಚಿನ ಊರಿಗೆ ನಲ್ಲಿ ನೀರು ತಲುಪೋದು ಅಂದ್ರೆ ಲಸಿಕೆಗೂ ಬಲ ಬಂದ ಹಾಗೆ.

ಇಷ್ಟಾಗಿಯೂ ಭೇದಿ ಬಂದರೆ? ತುದಿ ಮೇಯ್ದ ಗದ್ದೆಯಲ್ಲೂ ಉಳಿದ ಕೋಶಗಳು ಉಪ್ಪು, ಸಕ್ಕರೆಯನ್ನು ಜೋಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತವೆ, ಹಿಂದೆಯೇ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬಂಗಾವ್‌ನಲ್ಲಿ ದಿಲೀಪ್ ಮಹಲನಬಿಸ್ ಈ ಉಪ್ಪು-ಸಕ್ಕರೆ ನೀರು ಕುಡಿಸಿಯೇ ಸಾವಿನ ಪ್ರಮಾಣವನ್ನು ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಇಳಿಸಿದರು. ಅದೇ ಇವತ್ತಿನ ಓಆರ್‌ಎಸ್. ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಕುದಿಸಿ ಆರಿಸಿದ ನೀರನ್ನು ಪೊಟ್ಟಣದ ಮೇಲೆ ಬರೆದಷ್ಟೇ ಅಳೆದು, ಪುಡಿ ಕಲಸಿ, ಚಮಚ ಚಮಚವಾಗಿ ಕುಡಿಸಿ. ಜಿಂಕ್ ಮಾತ್ರೆಯನ್ನೂ ಕೇಳಿ ಪಡೆಯಿರಿ. ವೈದ್ಯರು ಹೇಳದೆ ಆಂಟಿಬಯೋಟಿಕ್ ಬೇಡ. ಅದು ವೈರಸ್ಸನ್ನು ಮುಟ್ಟೋದಿಲ್ಲ, ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕೂಸಿನ ಕಣ್ಣು ಗುಳಿ ಬಿದ್ದರೆ, ಮಂಕಾದರೆ, ಕುಡಿಯದೇ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಕುಡಿಸಲು ನೋಡುತ್ತಲೇ ಇರಿ.