ಸಕ್ಕರೆಯ ಗುರುತು ಹೇಳಿದ ಬಣ್ಣಗಳು

ಮೇಜಿನ ಮೇಲೆ ನಾಲ್ಕು ಬಿಳಿಯ ಪುಡಿಗಳಿವೆ ಎಂದುಕೊಳ್ಳಿ. ಒಂದು ಗ್ಲೂಕೋಸ್, ಇನ್ನೊಂದು ಅಡುಗೆಮನೆಯ ಸಕ್ಕರೆ, ಮೂರನೆಯದು ಹಾಲಿನಿಂದ ಬೇರ್ಪಡಿಸಿದ ಲ್ಯಾಕ್ಟೋಸ್, ನಾಲ್ಕನೆಯದು ಪಿಷ್ಟ. ನಾಲ್ಕೂ ಶರ್ಕರಪಿಷ್ಟಗಳೇ. ಯಾವುದು ಯಾವುದೆಂದು ರುಚಿ ನೋಡದೆ ಹೇಳುವುದು ಹೇಗೆ? ಪಿಯುಸಿ ಪ್ರಯೋಗಾಲಯದಲ್ಲಿ ಇದು ಕೆಲವು ಅಂಕಗಳ ಪ್ರಶ್ನೆ. ಆದರೆ ಇದಕ್ಕೆ ಬಳಸುವ ಪರೀಕ್ಷೆಗಳಲ್ಲಿ ಹಲವು ಬೆಳೆದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಅವುಗಳ ಉತ್ತರವನ್ನು ತಪ್ಪಾಗಿ ಓದಿದರೆ ತೊಂದರೆಗೆ ಸಿಲುಕುತ್ತಿದ್ದವನೂ ರೋಗಿಯೇ.

ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆಯುರ್ವೇದದ ಪ್ರಾಚೀನ ಗ್ರಂಥಗಳು ಗುರುತಿಸಿದ್ದವು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 17ನೆಯ ಶತಮಾನದಲ್ಲಿ ಆ ಸಿಹಿಯನ್ನು ಜೇನಿಗೆ ಹೋಲಿಸಿದ. ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ಒಂದು ಹೆಜ್ಜೆ ಮುಂದೆ ಹೋದ. ರೋಗಿಯ ಮೂತ್ರವನ್ನು ಕಾಯಿಸಿ ಆವಿಯಾಗಿಸಿದಾಗ ತಳದಲ್ಲಿ ಸಕ್ಕರೆಯಂಥ ಪುಡಿ ಉಳಿಯುವುದನ್ನು ತೋರಿಸಿದ. ಆ ಸಿಹಿ ದ್ರಾಕ್ಷಿಯಲ್ಲಿರುವ ಸಕ್ಕರೆಯೇ, ಅಂದರೆ ಇಂದಿನ ಗ್ಲೂಕೋಸೇ, ಎಂದು ಫ್ರಾನ್ಸಿನ ಮಿಷೆಲ್ ಷೆವ್ರಲ್ 1815ರಲ್ಲಿ ಹೇಳಿದ. ಆದರೂ ವೈದ್ಯರಿಗೆ ಬೇಕಾಗಿದ್ದದ್ದು ನಾಲಿಗೆಗಿಂತ ನಂಬಿಕೆಯ, ಆವಿಯಾಗಿಸುವುದಕ್ಕಿಂತ ಬೇಗನೆ ಮುಗಿಯುವ ಒಂದು ಉಪಾಯ.

ಪಿಷ್ಟದ ವಿಷಯದಲ್ಲಿ ಉಪಾಯ ಆ ಹೊತ್ತಿಗಾಗಲೇ ಸಿಕ್ಕಿತ್ತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ಟ್ವಾ, 1811ರಲ್ಲಿ ಕಡಲಕಳೆಯ ಬೂದಿಯಿಂದ ನೇರಳೆ ಹೊಗೆ ಏಳುವುದನ್ನು ಕಂಡ. ಅದೇ ಅಯೋಡಿನ್. ಅದು ಪಿಷ್ಟದೊಡನೆ ಕಡುನೀಲಿಯಾಗುವುದು 1814ರಲ್ಲಿ ಗೊತ್ತಾಯಿತು. ಪಿಷ್ಟದ ಉದ್ದನೆಯ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ಈ ಬಣ್ಣ ಬರುತ್ತದೆ. ಬಾಳೆಕಾಯಿಯ ಹೋಳಿನ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರೆ ಅದು ಕಪ್ಪುನೀಲಿಯಾಗುತ್ತದೆ. ಚೆನ್ನಾಗಿ ಕಳಿತ ಹಣ್ಣಿನಲ್ಲಿ ಪಿಷ್ಟ ಬಹುಮಟ್ಟಿಗೆ ಸಕ್ಕರೆಯಾಗಿರುವುದರಿಂದ ಬಣ್ಣ ಅಷ್ಟಾಗಿ ಏರುವುದಿಲ್ಲ. ಹಾಲಿಗೆ ಗಂಜಿ ಬೆರೆಸಿದ್ದಾರೆಯೇ ಎಂದು ತಿಳಿಯಲೂ ಇದೇ ಹನಿ ಸಾಕು.

ಗ್ಲೂಕೋಸಿಗೆ ದಾರಿ ತೋರಿದ್ದು ಮೈಲುತುತ್ತ. ಜರ್ಮನಿಯ ಕಾರ್ಲ್ ಟ್ರೋಮರ್ 1841ರಲ್ಲಿ ಮೈಲುತುತ್ತಕ್ಕೆ ಕ್ಷಾರ ಸೇರಿಸಿ, ಅದರೊಡನೆ ದ್ರಾಕ್ಷಿಯ ಸಕ್ಕರೆಯನ್ನು ಕಾಯಿಸಿದ. ನೀಲಿ ಹೋಗಿ ಕೆಂಪು ಗಸಿ ಬಿತ್ತು. ಗ್ಲೂಕೋಸ್ ತನ್ನ ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ಕೊಡುತ್ತದೆ. ತಾಮ್ರವು ಕೆಂಪು ಆಕ್ಸೈಡ್ ಆಗಿ ಕೆಳಗಿಳಿಯುತ್ತದೆ. ಆದರೆ ತಾಮ್ರ ಹೆಚ್ಚಾದರೆ ಕಪ್ಪು ಗಸಿಯೂ ಬಂದು ಉತ್ತರ ಮಸುಕಾಗುತ್ತಿತ್ತು. ಸ್ಟುಟ್‌ಗಾರ್ಟಿನ ಹರ್ಮನ್ ಫೆಲಿಂಗ್ 1848-49ರಲ್ಲಿ ಟಾರ್ಟರೇಟ್ ಲವಣ ಬೆರೆಸಿ ಈ ತೊಡಕನ್ನು ನಿವಾರಿಸಿದ. ಮೂತ್ರದಲ್ಲಿರುವ ಸಕ್ಕರೆಯನ್ನು ಅಳೆಯುವುದೇ ಅವನ ಉದ್ದೇಶವಾಗಿತ್ತು. ಅವನ ದ್ರಾವಣದ ಎರಡು ಭಾಗಗಳನ್ನು ಬೇರೆಬೇರೆಯಾಗಿಟ್ಟು ಬಳಸುವಾಗಲೇ ಬೆರೆಸಬೇಕಿತ್ತು. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908-09ರಲ್ಲಿ ಸೌಮ್ಯವಾದ ಸೋಡಿಯಂ ಕಾರ್ಬೋನೇಟ್ ಮತ್ತು ಸಿಟ್ರೇಟ್ ಉಪಯೋಗಿಸಿ, ಬಹುಕಾಲ ಕೆಡದ ಒಂದೇ ದ್ರಾವಣವನ್ನು ರೂಪಿಸಿದ. ಸಕ್ಕರೆ ಇಲ್ಲದಿದ್ದರೆ ನೀಲಿ. ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಇನ್ಸುಲಿನ್ ಬಂದ 1920ರ ದಶಕದಿಂದ ಹಲವು ದಶಕಗಳವರೆಗೆ ಅಸಂಖ್ಯ ರೋಗಿಗಳು ತಮ್ಮ ಕಾಯಿಲೆಯ ಸ್ಥಿತಿಯನ್ನು ಈ ಬಣ್ಣಗಳಲ್ಲೇ ಓದಿದರು.

ವಿಚಿತ್ರವೆಂದರೆ, ಎಲ್ಲಕ್ಕಿಂತ ಪರಿಚಿತವಾದ ಅಡುಗೆಮನೆಯ ಸಕ್ಕರೆ ಬೆನೆಡಿಕ್ಟ್ ದ್ರಾವಣದಲ್ಲಿ ನೀಲಿಯನ್ನು ಕದಲಿಸುವುದಿಲ್ಲ. ಅದರಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡಿರುವುದರಿಂದ ತಾಮ್ರಕ್ಕೆ ಕೊಡಲು ಕೈ ಖಾಲಿ ಇರುವುದಿಲ್ಲ. ಸ್ವಲ್ಪ ಆಮ್ಲದೊಡನೆ ಕುದಿಸಿ, ಆಮ್ಲವನ್ನು ಶಮನಗೊಳಿಸಿ ಪರೀಕ್ಷಿಸಿದರೆ ಎರಡೂ ಬೇರ್ಪಟ್ಟು ಕೆಂಪು ಬರುತ್ತದೆ. ಇತ್ತ ಗ್ಲೂಕೋಸ್ ಅಲ್ಲದ ಲ್ಯಾಕ್ಟೋಸ್ ಮೊದಲ ಬಾರಿಗೇ ಕೆಂಪು ಕೊಡುತ್ತದೆ.

ಅಪಾಯ ಇದ್ದದ್ದು ಇಲ್ಲಿಯೇ. ಎದೆಹಾಲುಣಿಸುವ ತಾಯಿಯ ಮೂತ್ರದಲ್ಲಿ ಲ್ಯಾಕ್ಟೋಸ್ ಕಾಣಿಸಿಕೊಳ್ಳುವುದುಂಟು; ಅದು ಕಾಯಿಲೆಯಲ್ಲ. 1892ರಲ್ಲಿ ಜರ್ಮನಿಯಲ್ಲಿ ಒಬ್ಬ ರೋಗಿಯ ಮೂತ್ರದಲ್ಲಿ ಐದು ಇಂಗಾಲದ ಸಕ್ಕರೆಯಾದ ಪೆಂಟೋಸ್ ಪತ್ತೆಯಾಯಿತು. ಪೆಂಟೋಸೂರಿಯ ಎಂಬ ಈ ಸ್ಥಿತಿ ಹುಟ್ಟಿನಿಂದ ಬರುವಂಥದು, ನಿರುಪದ್ರವಿ. ಆದರೆ ತಾಮ್ರದ ದ್ರಾವಣಕ್ಕೆ ಈ ಭೇದ ತಿಳಿಯದು. ಹೀಗೆ ಮಧುಮೇಹವಿಲ್ಲದವರಿಗೂ ಮಧುಮೇಹಿಗಳೆಂಬ ಹಣೆಪಟ್ಟಿ ಬೀಳುತ್ತಿತ್ತು. ಇನ್ಸುಲಿನ್ ಬಂದ ಮೇಲಂತೂ ಈ ತಪ್ಪು ಪ್ರಾಣಕ್ಕೇ ಎರವಾಗಬಹುದಿತ್ತು. ಅಗತ್ಯವಿಲ್ಲದವರಿಗೆ ಇನ್ಸುಲಿನ್ ಕೊಟ್ಟರೆ ರಕ್ತದ ಗ್ಲೂಕೋಸ್ ಅಪಾಯಕರ ಮಟ್ಟಕ್ಕೆ ಕುಸಿಯುತ್ತದೆ.

ಆದ್ದರಿಂದಲೇ ಒಂದು ಪರೀಕ್ಷೆಯ ಪಕ್ಕಕ್ಕೆ ಮತ್ತೊಂದು ಬಂದು ನಿಂತಿತು. ಆಸ್ಟ್ರಿಯದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್ 1886ರಲ್ಲಿ ರೂಪಿಸಿದ ಪರೀಕ್ಷೆ ಶರ್ಕರಪಿಷ್ಟ ಇದೆಯೇ ಎಂದಷ್ಟೇ ಕೇಳುತ್ತದೆ. ಇದ್ದರೆ ಗಂಧಕಾಮ್ಲದ ಮೇಲೆ ನೇರಳೆ ಉಂಗುರ ಮೂಡುತ್ತದೆ. ಡೆನ್ಮಾರ್ಕಿನ ಬಾರ್ಫೋಡನ 1873ರ ಪರೀಕ್ಷೆಯಲ್ಲಿ ಗ್ಲೂಕೋಸಿನಂಥ ಸರಳ ಸಕ್ಕರೆಗಳು ಬೇಗ ಕೆಂಪು ತೋರಿಸುತ್ತವೆ, ಲ್ಯಾಕ್ಟೋಸಿನಂಥ ಜೋಡಿ ಸಕ್ಕರೆಗಳು ತಡಮಾಡುತ್ತವೆ. ರಷ್ಯದ ಸೆಲಿವಾನೋಫ್ 1887ರಲ್ಲಿ ಫ್ರಕ್ಟೋಸನ್ನು ಕೆಂಪಿನಿಂದ ಗುರುತಿಸಿದ. ಪೆಂಟೋಸಿಗೆಂದೇ ಜರ್ಮನಿಯ ಬಿಯಾಲ್ 1902ರ ಸುಮಾರಿಗೆ ಹಸಿರು ಬಣ್ಣದ ಪರೀಕ್ಷೆಯೊಂದನ್ನು ರೂಢಿಗೆ ತಂದ. 1902ರ ನೊಬೆಲ್ ಪ್ರಶಸ್ತಿ ಪಡೆದ ಎಮಿಲ್ ಫಿಷರ್, ತಾನೇ ಕಂಡುಹಿಡಿದ ಫೀನೈಲ್ ಹೈಡ್ರಜೀನ್ ಬಳಸಿ 1884ರಿಂದ ಸಕ್ಕರೆಗಳನ್ನು ಹಳದಿ ಹರಳುಗಳಾಗಿ ಮಾಡತೊಡಗಿದ. ಸೂಕ್ಷ್ಮದರ್ಶಕದಲ್ಲಿ ಗ್ಲೂಕೋಸಿನದು ಸೂಜಿಗಳ ಕಟ್ಟು, ಲ್ಯಾಕ್ಟೋಸಿನದು ಹತ್ತಿಯ ಉಂಡೆ. ಹೀಗೆ ತಾಯಿಯ ಹಾಲಿನ ಸಕ್ಕರೆಯನ್ನು ಮಧುಮೇಹದ ಸಕ್ಕರೆಯಿಂದ ಬೇರ್ಪಡಿಸುವುದು ಸಾಧ್ಯವಾಯಿತು. ಆದರೆ ಫ್ರಕ್ಟೋಸೂ ಗ್ಲೂಕೋಸಿನಂಥದೇ ಹರಳು ಕೊಡುತ್ತದೆ. ಅಲ್ಲಿ ಮತ್ತೆ ಸೆಲಿವಾನೋಫನ ಮೊರೆಹೋಗಬೇಕು.

1950ರ ದಶಕದಲ್ಲಿ ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವದ ಪಟ್ಟಿ ಬಂತು. ಮನೆಗಳಿಂದ ಸ್ಪಿರಿಟ್ ದೀಪ, ಬೆನೆಡಿಕ್ಟ್ ಬಾಟಲಿ ಕ್ರಮೇಣ ಮರೆಯಾದವು. ಆದರೂ ಹಳೆಯ ಪರೀಕ್ಷೆ ನಿರುಪಯುಕ್ತವಾಗಲಿಲ್ಲ. ಕೆಲವು ಶಿಶುಗಳಿಗೆ ಹಾಲಿನಿಂದ ಬರುವ ಗ್ಯಾಲಕ್ಟೋಸನ್ನು ಅರಗಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಅಂಥ ಶಿಶುವಿನ ಮೂತ್ರದಲ್ಲಿ ಗ್ಲೂಕೋಸ್ ಪಟ್ಟಿ ಏನನ್ನೂ ತೋರಿಸದಿದ್ದರೂ ಬೆನೆಡಿಕ್ಟ್ ದ್ರಾವಣ ಬಣ್ಣ ಬದಲಿಸುತ್ತದೆ. ಎರಡೂ ಉತ್ತರಗಳನ್ನು ಜೊತೆಯಲ್ಲಿಟ್ಟು ನೋಡಿದ ವೈದ್ಯರಿಗೆ ಅದೊಂದು ಸುಳಿವು. ರೋಗ ದೃಢಪಡಿಸಿಕೊಂಡು ಸಕಾಲದಲ್ಲಿ ಹಾಲು ನಿಲ್ಲಿಸಿದರೆ ಮಗು ಬದುಕುತ್ತದೆ.

ಪ್ರಯೋಗಾಲಯದಲ್ಲಿ ಒಂದಾದ ಮೇಲೊಂದರಂತೆ ಪರೀಕ್ಷೆ ಮಾಡಿಸುವುದು ಈ ಕಾರಣಕ್ಕೆ. ಪ್ರತಿ ಬಣ್ಣವೂ ತನ್ನನ್ನು ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತದೆ. ಕೆಂಪು ಬಂದೊಡನೆ ಗ್ಲೂಕೋಸ್ ಎಂದು ಬರೆದುಬಿಡುವ ವಿದ್ಯಾರ್ಥಿ ಕಳೆದುಕೊಳ್ಳುವುದು ಒಂದೆರಡು ಅಂಕ. ಹಿಂದೆ ಹಾಗೆಯೇ ಬರೆದುಬಿಟ್ಟ ಚೀಟಿಗಳ ಬೆಲೆ ತೆತ್ತವರು ರೋಗಿಗಳು.