ಕಲ್ಪಿತ ಲೋಕಗಳೂ ಪೂರ್ವಕಥೆಗಳ ಋಣವೂ

ವಿಜ್ಞಾನ ಕಾದಂಬರಿಗಳು ಸಂಪೂರ್ಣವಾಗಿ ನೂತನ ಸೃಷ್ಟಿಗಳೆಂದು ತರುಣರು ಭಾವಿಸುವುದುಂಟು. ಅವುಗಳಲ್ಲಿರುವುದೆಲ್ಲವೂ ನಮ್ಮ ಪುರಾಣಗಳಲ್ಲಿ ಮೊದಲೇ ಇದ್ದಿತೆಂದು ವೃದ್ಧರು ಹೇಳುವುದೂ ಉಂಟು. ಈ ಎರಡು ಮಾತುಗಳೂ ವಿಮರ್ಶೆಗೆ ನಿಲ್ಲತಕ್ಕವುಗಳಲ್ಲ.

1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಈ ಜಾತಿಯ ಗ್ರಂಥಗಳಿಗೆ ಮೂಲವೆಂದು ಅನೇಕರು ಎಣಿಸುವರು. ಅದರ ಉಪಶೀರ್ಷಿಕೆಯಲ್ಲಿಯೇ, ದೇವತೆಗಳಿಂದ ಅಗ್ನಿಯನ್ನಪಹರಿಸಿದ ಗ್ರೀಕ್ ಪುರಾಣದ ಪ್ರಮೀಥಿಯಸನ ಹೆಸರಿದೆ. ಅದರೊಳಗಿನ ಕೃತಕ ಜೀವಿಯು ಮಿಲ್ಟನ್ ಕವಿಯ ಮಹಾಕಾವ್ಯವನ್ನೋದಿ ತನ್ನ ದುರ್ದಶೆಯನ್ನು ಅರಿತುಕೊಳ್ಳುತ್ತದೆ. 1965ರಲ್ಲಿ ಫ್ರಾಂಕ್ ಹರ್ಬರ್ಟನು ‘ಡ್ಯೂನ್’ ಎಂಬ ಮರುಭೂಮಿಯ ಗ್ರಹದ ಕಥೆಗೆ ‘ಮಹ್ದಿ’ ಮೊದಲಾದ ಶಬ್ದಗಳನ್ನು ಇಸ್ಲಾಮಿನಿಂದ ತೆಗೆದುಕೊಂಡನು. 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರಕ್ಕೆ ಜಪಾನಿನ ಕುರೊಸಾವಾನ 1958ರ ಚಿತ್ರವೊಂದು ಪ್ರೇರಕವಾಯಿತೆಂದು ಅದರ ಕರ್ತನೇ ಒಪ್ಪಿರುವನು.

ಇದು ಚೌರ್ಯವೇ? ಒಂಬತ್ತನೆಯ ಶತಮಾನದ ಆನಂದವರ್ಧನಾಚಾರ್ಯರು ‘ಧ್ವನ್ಯಾಲೋಕ’ದಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿರುವರು. ಕಾವ್ಯಗಳ ಸಾದೃಶ್ಯವು ಪ್ರತಿಬಿಂಬದಂತೆ, ಚಿತ್ರದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ದೇಹಿಗಳಂತೆ ಎಂದು ಮೂರು ವಿಧ. ಮೊದಲೆರಡು ತ್ಯಾಜ್ಯ; ಮೂರನೆಯದರಲ್ಲಿ ಮುಖ ಹೋಲಿದರೂ ಜೀವ ಬೇರೆಯಾದುದರಿಂದ ಅದು ಗ್ರಾಹ್ಯ.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಹರಿದಾಸ ಅಪ್ಪಚ್ಚ ಕವಿಗಳು (1868–1944) ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಇವರ ಕಥೆಗಳನ್ನು ಭಾರತ ಪುರಾಣಗಳಿಂದ ತೆಗೆದುಕೊಂಡು ಕೊಡವ ಭಾಷೆಯಲ್ಲಿ ನಾಟಕಗಳನ್ನು ರಚಿಸಿದರು. ವಸ್ತು ಪ್ರಾಚೀನ, ನುಡಿ ಕೊಡಗಿನದು. ಕಾವೇರಿಯ ಪುರಾಣಕಥೆಗೂ ಜನರು ತಮ್ಮದನ್ನು ಸೇರಿಸಿರುವರು. ಬಲಮುರಿಯಲ್ಲಿ ಪ್ರವಾಹದ ವೇಗಕ್ಕೆ ಸ್ತ್ರೀಯರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದುವೆಂದೂ, ಅಂದಿನಿಂದ ಕೊಡವತಿಯರು ಹಾಗೆಯೇ ಉಡುವರೆಂದೂ ಹೇಳುವ ಕಥೆಯನ್ನು ವಾಚಕರು ಬಲ್ಲರು.

ಆದರೆ ಋಣಕ್ಕೂ ಒಂದು ಮೇರೆಯುಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವು ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರೀಕ್ಷಿಸಿ, ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ, ಅದರ ಸಂಸ್ಕೃತವು ವೈದಿಕವಲ್ಲವೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಕಥೆಯಾಗಿ ಬಂದಿದ್ದರೆ ಅದು ನಮಗೆ ವಿನೋದವನ್ನುಂಟುಮಾಡುತ್ತಿತ್ತು. ಶಾಸ್ತ್ರವಾಗಿ ಬಂದುದರಿಂದ ಋಷಿಗಳ ಹೆಸರಿಗೆ ಅಪವಾದವನ್ನು ತಂದಿತು.

ಭಾಗವತದ ನವಮಸ್ಕಂಧದಲ್ಲಿ ಕಕುದ್ಮಿ ರಾಜನು ಮಗಳಾದ ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವಗಾನ ಮುಗಿಯುವವರೆಗೆ ಕಾದನಂತೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುವು. ಅವನು ಮನಸ್ಸಿನಲ್ಲಿ ನೆನೆದಿದ್ದ ವರರ ವಂಶಗಳ ಹೆಸರೂ ಉಳಿದಿರಲಿಲ್ಲ. ಲೋಕಭೇದದಿಂದ ಕಾಲಭೇದವೆಂಬ ಈ ಕಲ್ಪನೆಯು ಇಂದಿನ ಯಾವ ಕಾದಂಬರಿಕಾರನಿಗೂ ಉತ್ತಮ ವಸ್ತುವಾಗಬಲ್ಲದು. ಇದನ್ನು ಗಣಿತಶಾಸ್ತ್ರವೆಂದು ಸಾಧಿಸಹೊರಡುವುದು ವ್ಯರ್ಥ. ಮನೆಯ ಮಕ್ಕಳಿಗೆ ರೇವತಿಯ ಕಥೆಯನ್ನು ಹೇಳೋಣ, ಕಥೆಯೆಂದೇ ಹೇಳೋಣ. ಅವರಲ್ಲೊಬ್ಬರು ಮುಂದೆ ಅದಕ್ಕೆ ಹೊಸ ಜೀವವನ್ನು ತುಂಬಿದರೆ, ಪೂರ್ವಕವಿಗಳ ಋಣವು ತೀರಿದಂತಾಗುವುದು.