ಬೀಸುಕಲ್ಲಿನ ಗೆಳತಿಯರು

ನರಗುಂದ ಎಂದೊಡನೆ ವಿದ್ಯಾರ್ಥಿಗಳಿಗೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಭಾಸ್ಕರರಾವ ಭಾವೆ ನೆನಪಾಗುತ್ತಾರೆ. ಹಿರಿಯರಿಗೆ 1980ರ ರೈತ ಬಂಡಾಯ. ಎರಡೂ ಪುಸ್ತಕ ಸೇರಿದ ಇತಿಹಾಸ. ಅದೇ ತಾಲೂಕಿನ ಶಿರೋಳದಂಥ ಊರುಗಳ ಅಡುಗೆಮನೆಯಲ್ಲಿಯೂ ಒಂದು ಇತಿಹಾಸವಿದೆ. ಅದು ಹೆಣ್ಣುಮಕ್ಕಳ ಗೆಳೆತನದ್ದು.

ಇದು ಎರೆಭೂಮಿ, ಬಿಳಿಜೋಳದ ಸೀಮೆ. ಹಿಟ್ಟಿನ ಗಿರಣಿ ಬರುವ ಮುನ್ನ ಮನೆಮಂದಿಗೆ ಬೇಕಾದ ಹಿಟ್ಟನ್ನು ನಸುಕಿನಲ್ಲೇ ಎದ್ದು ಬೀಸಬೇಕಿತ್ತು. ಕಲ್ಲು ಭಾರ, ಒಬ್ಬಳೇ ತಿರುವಿದರೆ ತೋಳು ಸೋಲುತ್ತದೆ. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದರೆ, ಒಬ್ಬಳ ಎಳೆತ ಮುಗಿಯುವಲ್ಲಿ ಇನ್ನೊಬ್ಬಳದು ಮೊದಲಾಗುತ್ತದೆ. ಆ ಸುತ್ತಿನ ಲಯಕ್ಕೆ ಹೊಂದಿ ಬಂದದ್ದೇ ಬೀಸುವ ಪದ. ತವರಿನ ನೆನಪು, ಅತ್ತೆಮನೆಯ ಬೇಗೆ, ಕೂಸಿನ ನಗು, ಹೀಗೆ ಬೇರೆಲ್ಲೂ ಆಡಲಾಗದ ಮಾತು ಅಲ್ಲಿ ತ್ರಿಪದಿಯಾಯಿತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆದರೆ ಪದ ಕಟ್ಟಿದವಳು ತನ್ನ ಹೆಸರನ್ನು ಪದದಲ್ಲಿ ಇಟ್ಟಿರಲಿಲ್ಲ.

ಮುಂದೆ ಗಿರಣಿ ಬಂತು, ದುಡಿಮೆ ತಗ್ಗಿತು. ಅದಕ್ಕಾಗಿ ಯಾರೂ ಮರುಗಬೇಕಿಲ್ಲ. ಆದರೆ ಜೊತೆಯಾಗಿ ಕೂಡುವ ನೆಪ ಏನಾಯಿತು?

ವಿಜ್ಞಾನ ಓದಿದ ನನಗೆ ಉತ್ತರ ರೊಟ್ಟಿಯಲ್ಲಿ ಕಾಣುತ್ತದೆ. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಕುದಿವ ಎಸರು ತಗುಲಿದಾಗ ಪಿಷ್ಟವೇ ಅಂಟಾಗಿ ಹಿಟ್ಟನ್ನು ಹಿಡಿಯುತ್ತದೆ, ಆರಿದರೆ ಬಿರಿಯುತ್ತದೆ. ಆದ್ದರಿಂದ ನೂರಾರು ರೊಟ್ಟಿ ಬೇಕಾದಾಗ ಒಬ್ಬಳು ನಾದಬೇಕು, ಒಬ್ಬಳು ಬಡಿಯಬೇಕು, ಒಬ್ಬಳು ಹಂಚು ನೋಡಬೇಕು. ನೀರಿನಂಶ ಹೋಗುವಂತೆ ಒಣಗಿಸಿದ ಖಡಕ್ ರೊಟ್ಟಿ ಬಹುದಿನ ಕೆಡುವುದಿಲ್ಲ. ಹಾಗಾಗಿ ಮದುವೆ, ಜಾತ್ರೆಗಳಿಗೆ ಮೊದಲೇ ಓಣಿಯ ಗೆಳತಿಯರು ಇಂದು ಒಂದು ಮನೆಯಲ್ಲಿ, ನಾಳೆ ಇನ್ನೊಂದರಲ್ಲಿ ಕೂಡುತ್ತಾರೆ. ಇದು ಮುಯ್ಯಿ, ಕೂಲಿಯ ಲೆಕ್ಕವಲ್ಲ. ಶಿರೋಳ ಹಾಗೂ ಡಂಬಳದ ತೋಂಟದಾರ್ಯ ಮಠಗಳ ರೊಟ್ಟಿ ಜಾತ್ರೆಗಳ ಹಿಂದೆ ಇರುವುದು ಇಂಥ ಕೈಗಳೇ. ಹಂಚಿನ ಸುತ್ತ ನಗೆ, ಚೇಷ್ಟೆ, ಕಷ್ಟಸುಖ ಎಲ್ಲಕ್ಕೂ ಜಾಗವಿದೆ.

2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾಯಿತು. ಉತ್ತರ ಕರ್ನಾಟಕದ ಎಷ್ಟೋ ಸ್ವಸಹಾಯ ಸಂಘಗಳು ಇಂದು ರೊಟ್ಟಿ ಬಡಿದು ಮಾರುತ್ತವೆ. ಸಂಘದ ಉಳಿತಾಯದ ಪುಸ್ತಕದಲ್ಲಿ ಪ್ರತಿ ಸದಸ್ಯೆಯ ಹೆಸರಿರುತ್ತದೆ. ಬೀಸುಕಲ್ಲಿನ ಕಾಲದವರಿಗೆ ಆ ಭಾಗ್ಯವಿರಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಥವಾ ಓಣಿಯ ಹಿರಿಯ ಅಜ್ಜಿಯನ್ನು ಕೇಳಿ ನೋಡಿ: ‘ನಿನ್ನ ಎದುರಿಗೆ ಕುಳಿತು ಬೀಸುತ್ತಿದ್ದವಳು ಯಾರು?’ ಆ ಹೆಸರನ್ನು ಬರೆದಿಡಿ. ಅದೂ ಊರಿನ ಇತಿಹಾಸವೇ.